ಹುಂಜ ಕೂಗುವ ಮುನ್ನ ಒಂದು ರಾತ್ರಿ

(ಅರಸೀಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ಹಳಗನ್ನಡದ ಬಗ್ಗೆ ಮಾತಾಡಿ, ಆದರೆ ತರಗತಿಯ ಪಾಠ ಮಾಡಬೇಡಿ ಎಂದು ನನಗೆ ಹೇಳಿದ್ದರು. ಅದಕ್ಕೇ ಒಂದು ಭಯಾನಕ ಕಥೆಯನ್ನು ಆರಿಸಿಕೊಂಡು ಬಂದಿದ್ದೇನೆ. ಇದು ಯಾವುದೋ ದೂರದೇಶದ ಪಾಳುಕೋಟೆಯ ಕಥೆಯಲ್ಲ. ಇಲ್ಲಿಂದ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದರೆ ಸಿಗುವ ಹಳೇಬೀಡು, ಅಂದರೆ ಅಂದಿನ ದೋರಸಮುದ್ರದ ಅರಸನ ಆಸ್ಥಾನಕವಿ 1209ರಲ್ಲಿ ಬರೆದದ್ದು. ಕವಿ ಜನ್ನ, ಕಾವ್ಯ ‘ಯಶೋಧರ ಚರಿತೆ’. ಇದನ್ನು ಒಬ್ಬೊಬ್ಬರೇ ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬೇಡಿ, ಹತ್ತು ಜನ ಸೇರಿ ದಿನಕ್ಕಿಷ್ಟು ಎಂದು ಓದಿ ಎಂಬುದೇ ನನ್ನ ಇವತ್ತಿನ ಮಾತು. ಹಾಗೆ ಓದದಿದ್ದರೆ ಆ ಕಥೆಯ ಭಯ ನಮಗೆ ಸಿಗುವುದೇ ಇಲ್ಲ ಎಂದು ನಾನು ನಂಬಿದ್ದೇನೆ.

ಜನ್ನ ನಮ್ಮ ಸೀಮೆಯ ಕವಿ. ಇಮ್ಮಡಿ ವೀರಬಲ್ಲಾಳ ಅವನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ. ಪೊನ್ನ, ರನ್ನರ ನಂತರ ಆ ಹೆಸರು ಪಡೆದ ಮೂರನೆಯವನು ಇವನು. ‘ಸೂಕ್ತಿಸುಧಾರ್ಣವ’ದ ಮಲ್ಲಿಕಾರ್ಜುನ ಇವನ ಭಾವ, ‘ಶಬ್ದಮಣಿದರ್ಪಣ’ದ ಕೇಶಿರಾಜ ಸೋದರಳಿಯ. ಒಂದೇ ಮನೆತನದಲ್ಲಿ ಕಾವ್ಯ, ಸಂಕಲನ, ವ್ಯಾಕರಣ ಮೂರೂ ಹುಟ್ಟಿದವು. ಚನ್ನರಾಯಪಟ್ಟಣ ಮತ್ತು ತರೀಕೆರೆ ಕಡೆಯ ಎರಡು ಶಾಸನಗಳ ರಚನೆಯೂ ಇವನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಮೂರು ಬಸದಿಗಳು ಸಾಲಾಗಿ ನಿಂತಿವೆಯಲ್ಲ, ಅವುಗಳಲ್ಲಿ ಪಾರ್ಶ್ವನಾಥನದು ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ್ದು. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಕೈಸೇರಿದ ಹೊತ್ತಿಗೇ ಗೆಲುವಿನ ಸುದ್ದಿಯೂ ಮಗ ಹುಟ್ಟಿದ ಸುದ್ದಿಯೂ ಕೂಡಿಬಂದಿದ್ದರಿಂದ ದೇವರಿಗೆ ವಿಜಯಪಾರ್ಶ್ವ ಎಂಬ ಹೆಸರಾಯಿತು. ಆ ಬಸದಿಗೆ ಜನ್ನ ಒಂದು ದ್ವಾರ ಮಾಡಿಸಿದನೆಂದು ಸಾಹಿತ್ಯ ಚರಿತ್ರೆಕಾರರು ಹೇಳುತ್ತಾರೆ. ಒಳಗಿನ ಕಂಬಗಳು ಇವತ್ತಿಗೂ ಕನ್ನಡಿಯ ಹಾಗೆ ಹೊಳೆಯುತ್ತವೆ. ಹೊಯ್ಸಳೇಶ್ವರನನ್ನು ನೋಡಿ ಬೇಲೂರಿಗೆ ಓಡುವ ಪ್ರವಾಸಿಗರು ಅರ್ಧ ಕಿಲೋಮೀಟರ್ ಆಚೆಯ ಈ ಬಸದಿಗಳಿಗೆ ಕಾಲಿಡದೆ ಹೋಗುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಕಥೆಗೆ ಬರೋಣ. ರಾಜಪುರದಲ್ಲಿ ಚಂಡಮಾರಿ ಎಂಬ ದೇವತೆ. ವಸಂತದಲ್ಲಿ ಅವಳ ಜಾತ್ರೆ. ಪ್ರಾಣಿಗಳನ್ನು ಜೋಡಿ ಜೋಡಿಯಾಗಿ ತಂದು ನಿಲ್ಲಿಸಿದ್ದಾರೆ. ಮೊದಲು ಅರಸ ಮಾರಿದತ್ತನೇ ಒಂದು ನರಜೋಡಿಯನ್ನು ತನ್ನ ಕೈಯಾರೆ ಕಡಿಯಬೇಕು. ತಳವಾರ ಚಂಡಕರ್ಮ ಹುಡುಕಿ ಹಿಡಿದು ತಂದದ್ದು ಭಿಕ್ಷೆಗೆ ಹೊರಟಿದ್ದ ಇಬ್ಬರು ಎಳೆಯ ತಪಸ್ವಿಗಳನ್ನು. ಅಣ್ಣ ಅಭಯರುಚಿ, ತಂಗಿ ಅಭಯಮತಿ. ಅರಸ ಕತ್ತಿ ಹಿರಿದು ನಿಂತಿದ್ದಾನೆ. ಹುಡುಗ ಹೆದರುವುದಿಲ್ಲ. ಈ ನಿರ್ಭಯ ಎಲ್ಲಿಂದ ಬಂತು ಎಂದು ಅರಸನಿಗೇ ಕುತೂಹಲ. ಕೇಳುತ್ತಾನೆ. ಹುಡುಗ ಹೇಳತೊಡಗುತ್ತಾನೆ. ಮುಂದಿನದೆಲ್ಲ ಆ ಹುಡುಗ ಹೇಳಿದ ಕಥೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಕಾವ್ಯದೊಳಗಿನ ಕಥೆ ಒಂದು ಸಭೆಯಲ್ಲೇ ಹುಟ್ಟುತ್ತದೆ. ಕತ್ತಿ ಹಿಡಿದವನು, ತಳವಾರ, ಜಾತ್ರೆಗೆ ಬಂದ ಜನ, ಕಟ್ಟಿಹಾಕಿದ ಕುರಿಕೋಣಗಳು, ಎಲ್ಲರ ನಡುವೆ ನಿಂತು ಅಭಯರುಚಿ ಗಟ್ಟಿಯಾಗಿ ಹೇಳುತ್ತಿದ್ದಾನೆ. ಕೇಳುವವರು ಕೇಳುತ್ತಲೇ ಇರಬೇಕು, ಕೇಳುವುದನ್ನು ನಿಲ್ಲಿಸಿದರೆ ಕತ್ತಿ ಇಳಿಯುತ್ತದೆ. ಅರೇಬಿಯನ್ ನೈಟ್ಸ್‌ನ ಷಹಜಾದೆಯೂ ಕಥೆಯಿಂದಲೇ ತಲೆ ಉಳಿಸಿಕೊಂಡವಳು, ಆದರೆ ಅವಳಿಗೆ ಸಾವಿರದೊಂದು ರಾತ್ರಿಗಳಿದ್ದವು. ಈ ಹುಡುಗನಿಗೆ ಒಂದೇ ಹಗಲು.

ಜನ್ನನ ಭಯಾನಕ ಯಾವ ತರಹದ್ದು ಎಂದು ತಿಳಿಯಲು ಅವನ ವಸಂತವರ್ಣನೆ ನೋಡಬೇಕು. ಎಲ್ಲ ಕವಿಗಳಿಗೂ ವಸಂತವೆಂದರೆ ಕೋಗಿಲೆ, ಮಾವಿನ ಚಿಗುರು, ವಿರಹ. ಇವನಿಗೂ ಅವೆಲ್ಲ ಇವೆ. ಆದರೆ ಮಾರಿಯ ಜಾತ್ರೆಯ ಊರಲ್ಲಿ ವಸಂತನೇ ಶಿಶಿರನನ್ನು ಹಿಡಿದು ಹರಕೆ ಒಪ್ಪಿಸಿದ ಹಾಗೆ ಕಾಣುತ್ತದೆ, ಉದುರಿಬಿದ್ದ ಮುತ್ತುಗ ಕೊಚ್ಚಿ ಚೆಲ್ಲಿದ ಮಾಂಸದ ಹಾಗೆ ಕಾಣುತ್ತದೆ. ಫಾಲ್ಗುಣದಲ್ಲಿ ನಮ್ಮ ಬಯಲಿನಲ್ಲಿ ಎಲೆ ಕಳಚಿಕೊಂಡ ಮುತ್ತುಗದ ಮರ ಕೆಂಪಗೆ ನಿಂತಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೆಲುವಾದ ವಸ್ತುವಿನ ಒಳಗಿನಿಂದಲೇ ರಕ್ತ ಜಿನುಗಿಸುವುದು ಅವನ ವಿದ್ಯೆ. ಗುಡಿಯೊಳಗಿನ ತಲೆಬುರುಡೆ, ಕರುಳುಗಳನ್ನು ವರ್ಣಿಸಿ ಹೆದರಿಸುವುದು ಎಷ್ಟೋ ಜನಕ್ಕೆ ಬಂದೀತು. ಹೂವಿನಿಂದ ಹೆದರಿಸುವುದು ಅಷ್ಟು ಸುಲಭವಲ್ಲ.

ಇದೆಲ್ಲ ಬರೀ ಕವಿಕಲ್ಪನೆ ಎನ್ನುವವರು ಹೊಯ್ಸಳೇಶ್ವರ ದೇಗುಲದ ಬಳಿಯ ಕುವರಲಕ್ಷ್ಮನ ಕಂಬವನ್ನು ನೋಡಬೇಕು. ಅವನು ಇದೇ ವೀರಬಲ್ಲಾಳನ ದಂಡನಾಯಕ, ಅರಸನೊಡನೆ ಬದುಕಿ ಅರಸನೊಡನೆ ಸಾಯುವ ಪಣ ತೊಟ್ಟ ಗರುಡ. 1220ರಲ್ಲಿ ಅರಸ ತೀರಿಕೊಂಡಾಗ ಅವನೂ ಹೆಂಡತಿಯೂ ಅನುಯಾಯಿಗಳೂ ಪ್ರಾಣ ಕೊಟ್ಟರು. ಕಂಬದ ಮೇಲೆ ತಮ್ಮ ತಲೆಯನ್ನೂ ಕೈಕಾಲುಗಳನ್ನೂ ತಾವೇ ಕತ್ತರಿಸಿಕೊಳ್ಳುತ್ತಿರುವ ಗಂಡಸರ ಸಾಲು ಕೆತ್ತಿದೆ. ಕಾವ್ಯ ಹೊರಬಂದು ಇನ್ನೂ ಹನ್ನೊಂದು ವರ್ಷ. ಅದನ್ನು ಕೇಳಿದ ಸಭೆಯಲ್ಲಿ ಅಂಥ ಪಣ ತೊಟ್ಟವರೂ ಕುಳಿತಿದ್ದಿರಬಹುದು. ಅವರ ಮುಂದೆ ನಿಂತು ಈ ಕವಿ ಬಲಿಯ ಪ್ರಶ್ನೆ ಎತ್ತಿದ.

ಕೇಳುವವರ ಮಾತು ಬಂತು. ತನ್ನ ಕಾವ್ಯವನ್ನು ಯಾರು ಯಾವಾಗ ಕೇಳಬೇಕು ಎಂದು ಜನ್ನನೇ ಹೇಳಿದ್ದಾನೆ. ಜೀವದಯಾಷ್ಟಮಿಯಂದು ಉಪವಾಸವಿದ್ದ ಶ್ರಾವಕರ ಕಿವಿಗೆ ಇದು ಪಾರಣೆಯಾಗಲಿ ಎನ್ನುತ್ತಾನೆ. ಹೊಟ್ಟೆ ಉಪವಾಸ, ಕಿವಿಗೆ ಊಟ. ಅಂದರೆ ಈ ಕಥೆಗೆ ಒಂದು ತಿಥಿ ಇತ್ತು, ಒಂದು ಕೂಟ ಇತ್ತು, ಓದುವವನೊಬ್ಬ ಕೇಳುವವರು ಹಲವರು ಎಂಬ ಏರ್ಪಾಡು ಇತ್ತು. ಕಥೆ ಆ ಕೂಟಕ್ಕೆ ಹೊಸದೂ ಆಗಿರಲಿಲ್ಲ. ಸೋಮದೇವ 959ರಲ್ಲೇ ಸಂಸ್ಕೃತದಲ್ಲಿ ಬರೆದಿದ್ದ, ಪುಷ್ಪದಂತ ಅಪಭ್ರಂಶದಲ್ಲಿ, ವಾದಿರಾಜ ಮತ್ತೆ ಸಂಸ್ಕೃತದಲ್ಲಿ. ಕೊನೆ ಗೊತ್ತಿದ್ದೂ ಜನ ಕೂತು ಕೇಳುತ್ತಿದ್ದರು. ನಮ್ಮ ಊರುಗಳಲ್ಲಿ ಮಳೆ ಹೋದ ವರ್ಷ ವಿರಾಟಪರ್ವ ಓದಿಸುವಾಗ ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ಕೂರುವುದಿಲ್ಲವೇ? ಪಕ್ಕದ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವನ್ನು ಸಂಧಿ ಸಂಧಿಯಾಗಿ ಜಗಲಿಯ ಮೇಲೆ ಓದಿಸಿ ಕೇಳಿದ ಅಜ್ಜ ಅಜ್ಜಿಯರು ನಿಮ್ಮ ಮನೆಗಳಲ್ಲೂ ಇದ್ದರು. ಗಮಕಿ ಓದಬೇಕು, ವ್ಯಾಖ್ಯಾನಕಾರ ಬಿಡಿಸಬೇಕು, ಇವತ್ತಿಗೆ ಸಾಕು ಎಂದು ಮಂಗಳ ಹಾಡಬೇಕು. ಕಂತಿನಲ್ಲಿ ಓದುವುದನ್ನು ಯಾರೂ ನಮಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಅಚ್ಚಿನ ಕಾಲದಲ್ಲೂ ಅದು ಉಳಿಯಿತು. 1965ರಲ್ಲಿ ‘ಸುಧಾ’ ವಾರಪತ್ರಿಕೆ ಶುರುವಾದ ಮೇಲೆ ಧಾರಾವಾಹಿಯ ಕೊನೆಗೆ ಬರುವ ‘ಮುಂದುವರಿಯುವುದು’ ಎಂಬ ಸಾಲು ಎಷ್ಟು ಮನೆಗಳ ವಾರವನ್ನು ಅಳೆದಿದೆ! ಪತ್ರಿಕೆ ಒಂದೇ, ಓದುವವರು ಆರು ಮಂದಿ, ಅಕ್ಷರ ಬಾರದ ಅಜ್ಜಿಗೆ ಗಟ್ಟಿಯಾಗಿ ಓದಿಹೇಳುವ ಮೊಮ್ಮಗಳು. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಬಂದಾಗ ಮಾಟದ ಭಯ ಕನ್ನಡದ ಮನೆಗಳನ್ನೂ ಹೊಕ್ಕಿತು, 1985ರಲ್ಲಿ ಸಿನಿಮಾ ಕೂಡ ಆಯಿತು.

ದೂರದ ಉದಾಹರಣೆಯೂ ಒಂದಿದೆ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ 1897ರಲ್ಲಿ ಇಡೀ ಪುಸ್ತಕವಾಗಿಯೇ ಬಂದದ್ದು. ಆದರೆ ಅದು ದಿನಚರಿ, ಪತ್ರ, ತಂತಿಗಳ ಕಟ್ಟು. ಮೇ 3ಕ್ಕೆ ಮೊದಲಾಗಿ ನವೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ಈಚೆಗೆ ಲೋಕದ ಹಲವು ಕಡೆ ಓದುಗರು ಅದನ್ನು ಆಯಾ ತಾರೀಖಿಗೇ ಓದುತ್ತಿದ್ದಾರೆ. ದಿನಚರಿಯಲ್ಲಿ ಏನೂ ಬರೆದಿರದ ದಿನ ಇವರಿಗೂ ಓದಲು ಏನೂ ಇಲ್ಲ. ಕೋಟೆಯಲ್ಲಿ ಸಿಕ್ಕಿಬಿದ್ದ ತರುಣನಿಂದ ವಾರಗಟ್ಟಲೆ ಸುದ್ದಿಯಿಲ್ಲದಾಗ ಓದುಗರೂ ವಾರಗಟ್ಟಲೆ ಕಾಯುತ್ತಾರೆ, ಅವನಿಗೇನಾಯಿತು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಪುಟ ತಿರುವಿ ಓದಿದವನಿಗೆ ಆ ಮೌನ ಕಾಣುವುದೇ ಇಲ್ಲ. ಆ ಕಾದಂಬರಿಗೆ ಅಷ್ಟು ಬೆಲೆ ಕೊಡುವ ಓದುಗರು ಅದಕ್ಕೆ ಸಿಕ್ಕಿದ್ದು ನನಗೆ ಸಂತೋಷ. ನಮ್ಮ ಜನ್ನನಿಗೂ ಸಿಗಬೇಡವೇ?

ಈಗ ಕಥೆಯ ನಡುಮನೆಗೆ ಹೋಗೋಣ. ಉಜ್ಜಯಿನಿಯ ಅರಸ ಯಶೋಧರ, ರಾಣಿ ಅಮೃತಮತಿ. ಇಬ್ಬರೂ ಚೆಲುವರು, ಪರಸ್ಪರ ಪ್ರೀತಿಸುವವರು. ಒಂದು ರಾತ್ರಿ ಅರಮನೆಯ ಹಾಸಿಗೆಯ ಮೇಲೆ ಮಲಗಿದ್ದ ರಾಣಿಯ ಕಿವಿಗೆ ಆನೆಲಾಯದಿಂದ ಒಂದು ಹಾಡು ಬೀಳುತ್ತದೆ. ಹಾಡಿದವನು ಮಾವುತ ಅಷ್ಟಾವಂಕ. ಅವಳು ಮುಖ ನೋಡುವ ಮೊದಲೇ ದನಿಗೆ ಸೋತಿದ್ದಾಳೆ. ನೋಡಿಕೊಂಡು ಬಾ ಎಂದು ದೂತಿಯನ್ನು ಕಳಿಸಿದರೆ ಅವಳು ಹೇಸಿಕೊಂಡು ಹಿಂದಿರುಗಿ ಅವನ ಕುರೂಪವನ್ನು ಅಂಗ ಅಂಗವಾಗಿ ವರ್ಣಿಸುತ್ತಾಳೆ. ರಾಣಿ ಕದಲುವುದಿಲ್ಲ. ಮೆಚ್ಚಿದ ಮೇಲೆ ರೂಪದ ಮಾತೇಕೆ ಎಂಬುದು ಅವಳ ವಾದ. ಮುಂದೆ ಒಂದು ರಾತ್ರಿ ಅರಸ ನಿದ್ದೆ ಬಂದವನಂತೆ ನಟಿಸಿ ಹಿಂದೆ ಹಿಂದೆ ಹೋಗುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುತ್ತಾನೆ, ಅವಳು ಅವನ ಕಾಲು ಹಿಡಿಯುತ್ತಾಳೆ. ಕತ್ತಲಲ್ಲಿ ನಿಂತ ಗಂಡ ಕತ್ತಿ ಎತ್ತುತ್ತಾನೆ. ಮತ್ತೆ ಇಳಿಸುತ್ತಾನೆ. ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ನೈದಿಲೆಯಿಂದ ಅವಳನ್ನು ಸರಸಕ್ಕೆ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದವಳಂತೆ ಬೀಳುತ್ತಾಳೆ. ಹೂವಿನ ಪೆಟ್ಟಿಗೇ ಸಾಯಬೇಕಿತ್ತು, ಪುಣ್ಯಕ್ಕೆ ಉಳಿದೆ ಎಂದು ಅವನು ಉಪಚರಿಸುತ್ತಾನೆ. ಇಬ್ಬರಿಗೂ ಎಲ್ಲ ಗೊತ್ತು, ಇಬ್ಬರೂ ಮಾತಾಡುತ್ತಿರುವುದು ಹೂವಿನ ಬಗ್ಗೆ. ಇಡೀ ಕಾವ್ಯದಲ್ಲಿ ಮಾರಿಯ ಗುಡಿಗಿಂತ ಈ ಮಲಗುವ ಮನೆಯೇ ನನಗೆ ಹೆಚ್ಚು ಭೀಕರವಾಗಿ ಕಾಣುತ್ತದೆ.

ಬಾಡಿದ ಮುಖ ನೋಡಿ ತಾಯಿ ಚಂದ್ರಮತಿ ಏನಾಯಿತೆಂದು ಕೇಳುತ್ತಾಳೆ. ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ಹಾಗಾದರೆ ದೇವಿಗೆ ಬಲಿ ಕೊಟ್ಟು ಶಾಂತಿ ಮಾಡಿಸು ಎನ್ನುತ್ತಾಳೆ. ಅವನು ಕಿವಿ ಮುಚ್ಚಿಕೊಳ್ಳುತ್ತಾನೆ, ಜೀವಹಿಂಸೆ ತನ್ನಿಂದಾಗದು ಎನ್ನುತ್ತಾನೆ. ತಾಯಿ ಬಿಡುವುದಿಲ್ಲ. ಕೊನೆಗೆ ಒಂದು ದಾರಿ ಹೊಳೆಯುತ್ತದೆ: ನಿಜವಾದ ಕೋಳಿ ಬೇಡ, ಹಿಟ್ಟಿನ ಹುಂಜ ಸಾಕು. ಯಾವ ಜೀವವೂ ಹೋಗುವುದಿಲ್ಲ, ತಾಯಿಯ ಮಾತೂ ಉಳಿಯುತ್ತದೆ. ಅವನು ಒಪ್ಪುತ್ತಾನೆ.

ಓದನ್ನು ಇಲ್ಲಿ ನಿಲ್ಲಿಸಬೇಕು ಎಂಬುದೇ ನನ್ನ ಇಡೀ ಉಪನ್ಯಾಸದ ಒತ್ತಾಯ. ಪುಸ್ತಕ ಮುಚ್ಚಿ, ದೀಪ ಆರಿಸಿ, ಮನೆಗೆ ಹೋಗಬೇಕು.

ಏಕೆಂದರೆ ಆ ಸಂಜೆ ಕೂಟದಲ್ಲಿರುವ ಎಲ್ಲರೂ ಅರಸನ ಪಕ್ಷದಲ್ಲಿರುತ್ತೇವೆ. ಒಳ್ಳೆಯ ಪರಿಹಾರ, ಯಾರಿಗೂ ನೋವಿಲ್ಲ, ಮುದುಕಿಯ ಮನಸ್ಸೂ ನೋಯಲಿಲ್ಲ ಎಂದು ಮಾತಾಡಿಕೊಂಡು ದಾರಿ ನಡೆಯುತ್ತೇವೆ. ಆ ಒಪ್ಪಿಗೆಯನ್ನು ಇಟ್ಟುಕೊಂಡೇ ಊಟ ಮಾಡಿ ಮಲಗುತ್ತೇವೆ. ಮರುದಿನ ಸಂಜೆ ಬಂದು ಕೂತರೆ, ಬಣ್ಣ ಬಳಿದು ಜೀವಂತ ಹುಂಜದ ಹಾಗೇ ಮಾಡಿದ ಆ ಹಿಟ್ಟಿನ ಗೊಂಬೆಯ ಚೆಲುವಿಗೆ ಮರುಳಾಗಿ ಒಂದು ಬೆಂತರ ಒಳಹೊಕ್ಕಿದೆ. ಅರಸ ಕತ್ತಿ ಹೊಡೆದ ಕ್ಷಣ ಹಿಟ್ಟಿನ ಹುಂಜ ಕೂಗುತ್ತದೆ.

ಒಂದೇ ಕೂರಿಕೆಯಲ್ಲಿ ಓದಿದವನಿಗೆ ಒಪ್ಪಿಗೆಗೂ ಕೂಗಿಗೂ ನಡುವೆ ಇರುವುದು ಕೆಲವೇ ಪದ್ಯ. ಅವನು ಹೊರಗಿನವನಾಗಿ ನೋಡುತ್ತಾನೆ, ಅಯ್ಯೋ ಪಾಪ ಎನ್ನುತ್ತಾನೆ. ನಡುವೆ ಒಂದು ರಾತ್ರಿ ಕಳೆದವರಿಗೆ ಆ ಕೂಗು ತಾವು ಒಪ್ಪಿದ್ದರಿಂದಲೇ ಎದ್ದದ್ದು. ಜೈನರು ಸಂಕಲ್ಪಹಿಂಸೆ ಎನ್ನುವುದು ಇದನ್ನೇ. ಕೈ ಕಡಿದದ್ದು ಹಿಟ್ಟಾದರೂ ಮನಸ್ಸು ಕಡಿದದ್ದು ಹುಂಜವನ್ನು. ಇದನ್ನು ವ್ಯಾಖ್ಯಾನದಲ್ಲಿ ಹೇಳಿದರೆ ತತ್ವವಾಗುತ್ತದೆ, ಕಾದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪಕ್ಕದಲ್ಲಿ ಕುಳಿತವರೂ ನಿನ್ನೆ ತಲೆಯಾಡಿಸಿದ್ದರು ಎಂಬುದು ನೆನಪಾದಾಗಲಂತೂ ಒಬ್ಬರ ಮುಖ ಒಬ್ಬರು ನೋಡಲು ಕಷ್ಟವಾಗುತ್ತದೆ. ಒಂಟಿ ಓದಿನಲ್ಲಿ ಈ ನಾಚಿಕೆಗೆ ಜಾಗವಿಲ್ಲ.

ಜೀವದಯಾಷ್ಟಮಿ ಬರುವುದು ಆಶ್ವಯುಜ ಶುದ್ಧ ಅಷ್ಟಮಿಯಂದು, ದುರ್ಗಾಷ್ಟಮಿಯ ದಿನವೇ. ಮರುದಿನ ಆಯುಧಪೂಜೆ. ಅರಸೀಕೆರೆಯ ಬಸ್ ನಿಲ್ದಾಣದಿಂದ ಗ್ಯಾರೇಜುಗಳವರೆಗೆ, ಹಳೇಬೀಡಿನ ಟ್ರ್ಯಾಕ್ಟರುಗಳ ಮುಂದೆ, ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆದು ರಸ್ತೆ ಕೆಂಪಾಗುತ್ತದೆ. ಪ್ರಾಣಿಬಲಿಯನ್ನು ನಮ್ಮ ರಾಜ್ಯದ ಕಾನೂನು 1959ರಲ್ಲೇ ನಿಷೇಧಿಸಿದೆ, ಕುಂಬಳಕಾಯಿಯನ್ನು ಯಾವ ಕಾನೂನೂ ಕೇಳುವುದಿಲ್ಲ. ಹಾಗಾದರೆ ಆ ಕುಂಬಳಕಾಯಿ ಹಿಟ್ಟಿನ ಹುಂಜವೇ? ನನ್ನನ್ನು ಕೇಳಿದರೆ, ಅಲ್ಲ. ಶತಮಾನಗಳ ಹಿಂದೆ ಕುರಿ ಕಡಿಯುತ್ತಿದ್ದ ಕೈಗೆ ಕಾಯಿ ಕೊಟ್ಟವರು ದೊಡ್ಡ ಕೆಲಸ ಮಾಡಿದರು, ಆ ಕೈ ಕ್ರಮೇಣ ಕುರಿಯನ್ನು ಮರೆಯಿತು. ಇಲ್ಲಿ ನಾನು ಜನ್ನನಿಗಿಂತ ಮೆದು. ಆದರೆ ಇದಕ್ಕೆ ಒಪ್ಪದವರು ಈ ಸಭೆಯಲ್ಲೇ ಇದ್ದಾರೆ ಎಂದು ಮುಖ ನೋಡಿದರೆ ತಿಳಿಯುತ್ತದೆ, ಆ ಜಗಳ ನಡೆಯಬೇಕು. ಕುಂಕುಮ ತುಂಬುವ ಮೊದಲಿನ ಸಂಜೆ ನಡೆದರೆ ಇನ್ನೂ ಒಳ್ಳೆಯದು.

ಮುಂದಿನ ಭಾಗ ಬೇಗ ಓಡುತ್ತದೆ, ಓಡಲಿ. ವೈರಾಗ್ಯ ತಾಳಿ ಕಾಡಿಗೆ ಹೊರಟ ಅರಸನಿಗೂ ಅವನ ತಾಯಿಗೂ ಅಮೃತಮತಿ ವಿಷವಿಕ್ಕುತ್ತಾಳೆ. ಅವನು ನವಿಲಾಗಿ, ಅವಳು ನಾಯಿಯಾಗಿ ಹುಟ್ಟುತ್ತಾರೆ. ನಾಯಿಯಾದ ತಾಯಿ ನವಿಲಾದ ಮಗನನ್ನು ಕೊಲ್ಲುತ್ತಾಳೆ. ಹಾವು, ಮೀನು, ಮೊಸಳೆ, ಮೇಕೆ, ಕೋಣ ಎಂದು ಜನ್ಮಗಳು ಉರುಳುತ್ತವೆ. ಕೊನೆಗೆ ನಿಜವಾದ ಹುಂಜ ಹೇಂಟೆಗಳಾಗಿ, ಮುನಿಯ ಮಾತು ಕೇಳಿ ಹರ್ಷದಿಂದ ಕೂಗಿದಾಗ, ಶಬ್ದವೇಧಿ ಬಾಣ ಬಿಟ್ಟು ಕೊಲ್ಲುವವನು ಯಶೋಧರನ ಸ್ವಂತ ಮಗ ಯಶೋಮತಿ. ಆ ಯಶೋಮತಿಯ ಮಕ್ಕಳಾಗಿಯೇ ಹುಟ್ಟಿದ ಅವಳಿಗಳು ಅಭಯರುಚಿ, ಅಭಯಮತಿ. ಮಾರಿದತ್ತನ ಕತ್ತಿಯ ಕೆಳಗೆ ನಿಂತಿರುವವರು ಅವರೇ. ಇದನ್ನೆಲ್ಲ ಒಂದು ಸಂಜೆಯಲ್ಲಿ ಓದಬೇಕು, ಉಸಿರು ಬಿಡಲು ಪುರುಸೊತ್ತಿಲ್ಲದ ಹಾಗೆ.

ಅಮೃತಮತಿಗೆ ಕವಿ ಕೊಟ್ಟ ಕೊನೆ ನನಗೆ ಒಪ್ಪಿಗೆಯಿಲ್ಲ. ಅವಳನ್ನು ನರಕಕ್ಕೆ ಕಳಿಸುವಾಗ ಜನ್ನ ಧರ್ಮಗ್ರಂಥದ ಲೆಕ್ಕ ಬರೆಯುತ್ತಾನೆ, ಹಾಡು ಕೇಳಿದ ರಾತ್ರಿಯನ್ನು ಬರೆಯುವಾಗ ಕವಿಯಾಗಿದ್ದ. ಅವಳು ಕೊಲೆ ಮಾಡಿದಳು, ಅದು ಪಾಪವೇ. ಆದರೆ ಹೊಡೆಸಿಕೊಂಡ ಅವಳ ಅಳುವಿನ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಅರಸ, ರಾಣಿ, ತಾಯಿ, ಮಾವುತ ನಾಲ್ವರನ್ನೂ ಎದುರುಬದುರು ನಿಲ್ಲಿಸಿ ಈ ಬಾಕಿಯನ್ನು ತೀರಿಸಲು ನೋಡಿದರು. ಅದು ನಗರದ ರಂಗಭೂಮಿಗೆ ಸಂದಿತು. ಬೇಲೂರು, ಹಳೇಬೀಡು, ಬಾಣಾವರ, ಜಾವಗಲ್‌ನ ಹೆಣ್ಣುಮಕ್ಕಳು ಕೂತು ಅವಳ ಬಗ್ಗೆ ಏನು ಹೇಳುತ್ತಾರೆ ಎಂಬುದು ನನಗೆ ಯಾವ ವಿಮರ್ಶೆಗಿಂತಲೂ ಮುಖ್ಯ.

ಈಗ ಏರ್ಪಾಡಿನ ಮಾತು. ಕಾವ್ಯ ಚಿಕ್ಕದು. ನಾಲ್ಕು ಅವತಾರ, ಮುನ್ನೂರಕ್ಕೆ ತುಸು ಮೇಲ್ಪಟ್ಟು ಪದ್ಯ, ಬಹುಪಾಲು ಕಂದ. ಕಂದವೆಂದರೆ ಅರವತ್ತನಾಲ್ಕು ಮಾತ್ರೆ, ಒಂದೆರಡು ಉಸಿರಿನಲ್ಲಿ ಮುಗಿಯುತ್ತದೆ. ಪಾಡ್ಯದಿಂದ ಅಷ್ಟಮಿಗೆ ಎಂಟು ಸಂಜೆ. ಸರಾಸರಿ ದಿನಕ್ಕೆ ನಲವತ್ತು ಪದ್ಯ ಬಂದರೂ ಎಲ್ಲ ದಿನ ಒಂದೇ ಅಳತೆ ಬೇಡ. ಮಲಗುವ ಮನೆಯ ಸಂಜೆ ಇಪ್ಪತ್ತಕ್ಕೇ ನಿಲ್ಲಲಿ, ಜನ್ಮಗಳ ಸಂಜೆ ಎಂಬತ್ತಕ್ಕೆ ಹೋಗಲಿ. ಗಮಕಿ ಸಿಕ್ಕರೆ ಭಾಗ್ಯ, ಸಿಗದಿದ್ದರೆ ಗಟ್ಟಿದನಿಯ ಮೇಷ್ಟ್ರೊಬ್ಬರು ಸಾಕು. ಮೂಲ ಪದ್ಯ ಎರಡು ಸಲ, ನಡುವೆ ಅರ್ಥ. ಹಳಗನ್ನಡ ಕಿವಿಗೆ ಮೊದಲು ಗಡುಸಾಗಿ ಕೇಳಿಸೀತು, ಮೂರನೆಯ ಸಂಜೆಯ ಹೊತ್ತಿಗೆ ಅರ್ಧ ಪದ್ಯ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮುಂದಿನ ಕಥೆ ಗೊತ್ತಿರುವವರು ಬಾಯಿ ಬಿಡಬಾರದು ಎಂಬುದೊಂದೇ ಕಟ್ಟಳೆ. ನಾನೇ ಈಗ ಎಲ್ಲವನ್ನೂ ಹೇಳಿದ್ದೇನೆ, ನಿಜ. ಆದರೆ ಜನ್ನನ ಶ್ರಾವಕರಿಗೂ ಎಲ್ಲ ಗೊತ್ತಿತ್ತು, ಅವರು ಬಂದರು.

ಒಂದು ಸಂಜೆ ಇಲ್ಲಿ, 1220ರಲ್ಲಿ ರೇಚರಸ ಕಟ್ಟಿಸಿದ ಸಹಸ್ರಕೂಟ ಬಸದಿಯ ಹತ್ತಿರ. ಒಂದೆರಡು ಬೇಲೂರಿನಲ್ಲಿ. ಅಷ್ಟಮಿಯದು ಬಸ್ತಿಹಳ್ಳಿಯಲ್ಲಿ, ಅದೂ ಹಗಲಿನಲ್ಲಿ. ಅವು ಸಂರಕ್ಷಿತ ಸ್ಮಾರಕಗಳು, ಕತ್ತಲಾದ ಮೇಲೆ ಒಳಗೆ ಕೂರುವ ಹಾಗಿಲ್ಲ. ಉಳಿದ ಸಂಜೆಗಳಿಗೆ ಶಾಲೆಯ ಕೋಣೆಯೋ ಯಾರದಾದರೂ ಪಡಸಾಲೆಯೋ ಆದೀತು. ಅಮೃತಮತಿಯ ಪದ್ಯಗಳನ್ನು ಓದಲು ಹೆಂಗಸರೇ ಬೇಕು, ಅವಳ ಪರವಾಗಿ ವಾದಿಸಲು ಒಬ್ಬರಾದರೂ ಬೇಕು. ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ನೋಟ್‌ಪುಸ್ತಕ ಇಟ್ಟಿರುತ್ತಾರೆ. ಯಾವ ಸಂಜೆಗೆ ನಿಮ್ಮ ಪಡಸಾಲೆ ಕೊಡುತ್ತೀರಿ, ಯಾವ ಸಂಜೆಗೆ ದನಿ ಕೊಡುತ್ತೀರಿ ಎಂದು ಬರೆದು ಹೋಗಬೇಕು. ನಾಲ್ಕನೆಯ ಸಂಜೆಯ ಪಡಸಾಲೆ ಮಾತ್ರ ಊರಿನ ಒಂದು ತುದಿಯಲ್ಲಿರಲಿ, ಎಲ್ಲರೂ ಒಟ್ಟಿಗೆ ನಡೆದುಕೊಂಡು ಮನೆಗೆ ಹೋಗುವಷ್ಟು ದೂರದಲ್ಲಿ. ಅರಸ ಹಿಟ್ಟಿನ ಹುಂಜಕ್ಕೆ ಒಪ್ಪುವುದು ಅವತ್ತು.